ಹೊಸಪೇಟೆಯಲ್ಲಿ ಈಗ ಎಷ್ಟು ಜನ ಇದ್ದಾರೆ? ಫೋನಿಗೆ ಬರುವ ಅಂಕಿಗಳ ಹಿಂದೆ ಏನಿದೆ?

ಹೊಸಪೇಟೆ–ಹಂಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಜನಸಂಖ್ಯೆಯ ಬಗ್ಗೆ ಎರಡು ಬಗೆಯ ಸಂದೇಶಗಳು ಮತ್ತೆ ಮತ್ತೆ ತಿರುಗುತ್ತವೆ. ಒಂದು ಹೆಮ್ಮೆಯದು: ಕ್ರಿ.ಶ. 1500ರ ಹೊತ್ತಿಗೆ ವಿಜಯನಗರ ಜಗತ್ತಿನ ಎರಡನೇ ಅತಿ ದೊಡ್ಡ ನಗರವಾಗಿತ್ತು, ಅಲ್ಲಿ 5 ಲಕ್ಷ ಜನ ಇದ್ದರು ಎಂಬುದು. ಇನ್ನೊಂದು ಇಂದಿನದು: ಹೊಸಪೇಟೆಯ ಈ ವರ್ಷದ ಜನಸಂಖ್ಯೆ ಇಷ್ಟು, ಇದರಲ್ಲಿ ಗಂಡಸರು ಇಷ್ಟು, ಹೆಂಗಸರು ಇಷ್ಟು ಎಂದು ಕೊನೆಯ ಅಂಕಿಯವರೆಗೆ ಬರೆದ ಚಿತ್ರ ಅಥವಾ ರೀಲ್. ಎರಡನ್ನೂ ಓದಿದವರು ಸಾಮಾನ್ಯವಾಗಿ ಎರಡನ್ನೂ ನಂಬುತ್ತಾರೆ, ಮುಂದಕ್ಕೆ ಕಳಿಸುತ್ತಾರೆ.

ಮೊದಲು ಚುಟುಕು ಉತ್ತರ. ಹೊಸಪೇಟೆ ನಗರಸಭೆ ವ್ಯಾಪ್ತಿಯಲ್ಲಿ ಸರ್ಕಾರ ಕೊನೆಯ ಬಾರಿ ತಲೆ ಎಣಿಸಿ ಹೇಳಿದ್ದು 2011ರ ಜನಗಣತಿಯಲ್ಲಿ. ಆಗ ಬಂದ ಸಂಖ್ಯೆ 2,06,167. ಅದಕ್ಕೂ ಹತ್ತು ವರ್ಷ ಮೊದಲು, 2001ರಲ್ಲಿ 1,63,284. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು, ಮತ್ತೆ ಮತ್ತೆ ಹೋಯಿತು. 2012ರಿಂದ ಈಚೆಗಿನ ಯಾವುದೇ ವರ್ಷದ ಹೆಸರು ಹಾಕಿ ಬರುವ ಸಂಖ್ಯೆ ಎಣಿಕೆಯಲ್ಲ, ಅಂದಾಜು. ಅಂದಾಜು ಮಾಡುವುದು ತಪ್ಪಲ್ಲ. ಅಂದಾಜನ್ನು ಎಣಿಕೆಯ ವೇಷದಲ್ಲಿ ಕಳಿಸುವುದು ತಪ್ಪು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಊರಿನ ಮಟ್ಟಿಗೆ ಆ ಅಂಕಿಗಳ ಹಿಂದೆ ಗಣಿ, ಅಣೆಕಟ್ಟೆ, ಗುಳೆ, ಹೊಸ ಜಿಲ್ಲೆಯ ಗೆರೆ ಎಲ್ಲವೂ ಸೇರಿಕೊಂಡಿವೆ. ನಲ್ಲಿಯಲ್ಲಿ ಬರುವ ನೀರಿಗೂ ರೇಷನ್ ಕಾರ್ಡಿಗೂ ಇದರ ಸಂಬಂಧ ಇದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಆ 5 ಲಕ್ಷ ಎಲ್ಲಿಂದ ಬಂತು?

ಅದು ಕಟ್ಟುಕಥೆಯಲ್ಲ, ಹಾಗಂತ ಗಣತಿಯೂ ಅಲ್ಲ. ಅಮೆರಿಕದ ಟರ್ಷಿಯಸ್ ಚಾಂಡ್ಲರ್ ಎಂಬ ಇತಿಹಾಸಕಾರರು ಜಗತ್ತಿನ ಪ್ರಾಚೀನ ನಗರಗಳ ಜನಸಂಖ್ಯೆಯನ್ನು ಅಂದಾಜಿಸಿ ದೊಡ್ಡ ಪಟ್ಟಿಯೊಂದನ್ನು ಮಾಡಿದ್ದರು. 1987ರಲ್ಲಿ ಬಂದ ಅವರ ಪುಸ್ತಕದಲ್ಲಿ 1500ನೇ ಇಸವಿಯ ಸಾಲಿನಲ್ಲಿ ಬೀಜಿಂಗ್ ಮೊದಲು, ವಿಜಯನಗರ ಎರಡನೆಯದು. ಬೀಜಿಂಗಿಗೆ 6,72,000, ವಿಜಯನಗರಕ್ಕೆ 5 ಲಕ್ಷ, ಕೈರೋಗೆ 4 ಲಕ್ಷ ಎಂದು ಅವರು ಬರೆದರು. ಇಂದು ಫಾರ್ವರ್ಡ್ ಆಗುವುದು ಈ ಸಾಲು.

ಜನಗಣತಿ ಇಲ್ಲದ ಕಾಲದ ಊರುಗಳ ಸಂಖ್ಯೆ ಹೇಳಲು ಅವರು ಕೋಟೆಯೊಳಗಿನ ವಿಸ್ತೀರ್ಣ, ಮನೆಗಳ ಲೆಕ್ಕ, ಸೈನಿಕರ ಸಂಖ್ಯೆ, ಪ್ರವಾಸಿಗಳ ಬರಹ ಇವನ್ನೆಲ್ಲ ಆಧಾರ ಮಾಡಿಕೊಂಡರು. ಉದಾಹರಣೆಗೆ, 1420ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕಾಂಟಿ ಈ ನಗರದಲ್ಲಿ ಆಯುಧ ಹಿಡಿಯಬಲ್ಲ ಗಂಡಸರು 90 ಸಾವಿರ ಇದ್ದಾರೆಂದು ಹೇಳಿದ್ದಾನೆ. ಒಬ್ಬ ಗಂಡಸಿಗೆ ನಾಲ್ಕು ಜನರ ಕುಟುಂಬ ಎಂದರೆ 3 ಲಕ್ಷ 60 ಸಾವಿರ, ಐದು ಎಂದರೆ 4 ಲಕ್ಷ 50 ಸಾವಿರ. ಒಂದು ಗುಣಾಕಾರ ಬದಲಾದರೆ ಸಾಕು, 90 ಸಾವಿರ ಜನ ಹುಟ್ಟುತ್ತಾರೆ ಇಲ್ಲವೇ ಮಾಯವಾಗುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ ಜಾಣ. ಇಲ್ಲಿನ ಜನ ಎಷ್ಟೆಂದು ಬರೆದರೆ ಊರಲ್ಲಿ ಯಾರೂ ನಂಬಲಿಕ್ಕಿಲ್ಲ ಎಂಬ ಅರ್ಥ ಬರುವಂತೆ ಹೇಳಿ ಸಂಖ್ಯೆಯನ್ನೇ ಬಿಟ್ಟುಬಿಟ್ಟ.

ಆದ್ದರಿಂದ ವಿಜಯನಗರ ಅಂದಿನ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದು ಎನ್ನಬಹುದು. ‘ಎರಡನೆಯದು’ ಎಂಬುದು ಒಬ್ಬ ವಿದ್ವಾಂಸರ ಪಟ್ಟಿಯಲ್ಲಿನ ಸ್ಥಾನ. ಇನ್ನೊಂದು ಮಾತು: 1565ರ ಯುದ್ಧದ ಬಳಿಕ ಹಾಳಾದ ಆ ನಗರ ಮತ್ತೆ ತುಂಬಲಿಲ್ಲ. ಇಂದಿನ ಹಂಪಿ ಕೆಲವೇ ಸಾವಿರ ಜನರ ಊರು. ಇಂದು ಈ ಸೀಮೆಯ ಜನರ ಭಾರ ಹೊತ್ತಿರುವುದು ಹನ್ನೆರಡು ಕಿಲೋಮೀಟರ್ ಆಚೆಯ ಹೊಸಪೇಟೆ.

ವೆಬ್‌ಸೈಟ್‌ಗಳು ಸಂಖ್ಯೆ ಹೇಗೆ ಮಾಡುತ್ತವೆ?

ಇದನ್ನು ನೀವೇ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಮಾಡಬಹುದು. 2001ರಿಂದ 2011ಕ್ಕೆ ಹೊಸಪೇಟೆಯಲ್ಲಿ ಹೆಚ್ಚಾದವರು 42,883 ಜನ. ಅಂದರೆ ಹತ್ತು ವರ್ಷಕ್ಕೆ ಶೇ 26ರಷ್ಟು ಬೆಳವಣಿಗೆ. ಅದೇ ಅವಧಿಯಲ್ಲಿ ಇಡೀ ಕರ್ನಾಟಕ ಬೆಳೆದದ್ದು ಶೇ 15.6.

ಈಗ 2025ಕ್ಕೆ ಲೆಕ್ಕ ಹಾಕೋಣ. ವರ್ಷಕ್ಕೆ ಸರಾಸರಿ ಅಷ್ಟೇ ಜನ ಕೂಡುತ್ತಾ ಹೋದರು ಎಂದುಕೊಂಡರೆ ಸುಮಾರು 2 ಲಕ್ಷ 66 ಸಾವಿರ. ಬ್ಯಾಂಕಿನ ಚಕ್ರಬಡ್ಡಿಯಂತೆ ಅದೇ ದರದಲ್ಲಿ ಬೆಳೆದರು ಎಂದುಕೊಂಡರೆ 2 ಲಕ್ಷ 86 ಸಾವಿರ. ಹೊಸಪೇಟೆಯ ವೇಗ ಇಳಿದು ರಾಜ್ಯದ ಸರಾಸರಿ ವೇಗಕ್ಕೆ ಬಂತು ಎಂದುಕೊಂಡರೆ 2 ಲಕ್ಷ 53 ಸಾವಿರ. ಮೂರೂ ‘2025ರ ಜನಸಂಖ್ಯೆ’. ಮೂರಕ್ಕೂ ಆಧಾರ ಅದೇ 2011ರ ಜನಗಣತಿ. ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ ಅಂತರ 33 ಸಾವಿರ, ಅಂದರೆ ಸಂಡೂರಿನಂಥ ಒಂದು ಪಟ್ಟಣವೇ ಬಂದು ಹೋದಷ್ಟು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ಎಲ್ಲ ಅಂದಾಜುಗಳೂ 2001ರಿಂದ 2011ರ ಹತ್ತು ವರ್ಷವನ್ನು ಮಾಮೂಲಿ ಕಾಲ ಎಂದು ಹಿಡಿಯುತ್ತವೆ. ಹೊಸಪೇಟೆಯವರನ್ನು ಕೇಳಿ ನೋಡಿ, ಅದು ಮಾಮೂಲಿ ಕಾಲವಾಗಿತ್ತೇ ಎಂದು.

ಅದು ಅದಿರಿನ ದಶಕ. ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿ, ಸಂಡೂರು–ಹೊಸಪೇಟೆ ಗುಡ್ಡಗಳಿಂದ ಲಾರಿಗಳು ಸಾಲುಗಟ್ಟಿ ಬಂದರುಗಳ ಕಡೆ ಹೊರಟ ಕಾಲ. ಲಾರಿ ಎಂದರೆ ಡ್ರೈವರ್, ಕ್ಲೀನರ್, ಗ್ಯಾರೇಜು, ಪಂಕ್ಚರ್ ಅಂಗಡಿ, ಖಾನಾವಳಿ, ಲಾಡ್ಜ್, ಬಾಡಿಗೆ ಕೋಣೆ. ಇಷ್ಟು ಜನ ಎಲ್ಲೆಲ್ಲಿಂದಲೋ ಬಂದು ಸೇರಿದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತ್ತು, ಆದರೆ ಗಣಿಗಳು ನಿಂತಿರಲಿಲ್ಲ. ಗಣತಿದಾರರು ಮನೆಮನೆಗೆ ಬಂದು ತಲೆ ಎಣಿಸಿದ್ದು 2011ರ ಫೆಬ್ರವರಿ 9ರಿಂದ 28ರವರೆಗೆ. ಐದೇ ತಿಂಗಳಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವನ್ನು ಹಂತ ಹಂತವಾಗಿ ಬಿಡಲಾಯಿತು. ಮೊದಲಿನ ಓಟ ಮರಳಿ ಬರಲಿಲ್ಲ.

ಅಂದರೆ ನಮ್ಮ ಬಳಿ ಇರುವ ಕೊನೆಯ ಎಣಿಕೆ, ಅದಿರಿನ ದಶಕದ ತುದಿಯಲ್ಲಿ ತೆಗೆದ ಫೋಟೋ. ಅದನ್ನೇ ಮುಂದಕ್ಕೆ ಎಳೆದರೆ ಬರುವ ಸಂಖ್ಯೆ ಇಂದಿನ ಹೊಸಪೇಟೆಯದಾಗಿರಬೇಕೆಂದೇನೂ ಇಲ್ಲ. ಹೋದವರ ಜಾಗಕ್ಕೆ ಪ್ರವಾಸೋದ್ಯಮ, ಹೊಸ ಜಿಲ್ಲಾ ಕೇಂದ್ರದ ಕಚೇರಿಗಳು ಬೇರೆ ಜನರನ್ನು ತಂದಿರಬಹುದು, ಸಂಖ್ಯೆ ಅಂದಾಜಿಗಿಂತ ಹೆಚ್ಚೂ ಇರಬಹುದು. ಎಣಿಸದೆ ತಿಳಿಯದು.

ಅದೇ 2011ರ ಜುಲೈ ಕೊನೆಯಲ್ಲಿ ಹಂಪಿಯಲ್ಲೂ ಒಂದು ಘಟನೆ ನಡೆಯಿತು. ವಿರೂಪಾಕ್ಷ ದೇವಸ್ಥಾನದ ಎದುರಿನ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವು ಮಾಡಲಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. ಫೆಬ್ರವರಿಯ ಗಣತಿ ಪುಸ್ತಕದಲ್ಲಿ ಅವರು ಹಂಪಿ ಬಜಾರಿನ ನಿವಾಸಿಗಳು. ಆಗಸ್ಟಿನಲ್ಲಿ ಅಲ್ಲಿ ಆ ಮನೆಗಳೇ ಇರಲಿಲ್ಲ. ಕಾಗದದಲ್ಲಿ ಮಾತ್ರ ಇನ್ನೂ ಇವೆ.

ಯಾವ ಹೊಸಪೇಟೆ?

ಫಾರ್ವರ್ಡ್‌ಗಳಲ್ಲಿ ಒಂದೇ ಊರಿಗೆ ಎರಡು ಮೂರು ಸಂಖ್ಯೆ ಕಾಣಲು ಇನ್ನೊಂದು ಕಾರಣ ಗಡಿ. ನಗರಸಭೆ ಎಂದರೆ 35 ವಾರ್ಡುಗಳು. ತಾಲ್ಲೂಕು ಎಂದರೆ ಅದರ ಜೊತೆ ಕಮಲಾಪುರ, ಹಂಪಿ ಮತ್ತು ಸುತ್ತಲ ಹಳ್ಳಿಗಳು. ಊರು ಬೆಳೆದು ಪಕ್ಕದ ಹಳ್ಳಿಯ ಹೊಲಕ್ಕೆ ಲೇಔಟ್ ನುಗ್ಗಿದಾಗ ಅಲ್ಲಿನ ಜನ ಬದುಕುವುದು ಹೊಸಪೇಟೆಯಲ್ಲಿ, ಲೆಕ್ಕ ಸಿಗುವುದು ಗ್ರಾಮ ಪಂಚಾಯಿತಿಯಲ್ಲಿ. ಇಂಥ ಹಳ್ಳಿಗಳನ್ನು ಜನಗಣತಿ ಇಲಾಖೆ ‘ಗಣತಿ ಪಟ್ಟಣ’ ಎಂದು ಕರೆಯಬೇಕಾದರೆ ಮೂರು ಶರತ್ತು ಇವೆ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಹೆಂಗಸರ ದುಡಿಮೆ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಗಮನಿಸಿ.

ಜಿಲ್ಲೆಯ ಅಂಕಿ ಕಳಿಸುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. 2011ರ ಬಳ್ಳಾರಿ ಜಿಲ್ಲೆಗೇ ಎರಡು ಸಂಖ್ಯೆಗಳು ಓಡಾಡುತ್ತವೆ. ಮೊದಲು ಪ್ರಕಟಿಸಿದ ತಾತ್ಕಾಲಿಕ ಅಂಕಿ 25,32,383. ಎಲ್ಲ ಪರಿಶೀಲನೆ ಮುಗಿದ ಮೇಲೆ ಬಂದ ಅಂತಿಮ ಅಂಕಿ 24,52,595. ಸುಮಾರು 80 ಸಾವಿರ ಕಡಿಮೆ. ಇಂಟರ್ನೆಟ್ಟಿನಲ್ಲಿ ಎರಡೂ ಉಳಿದುಕೊಂಡಿವೆ, ಬೇಕಾದ್ದನ್ನು ಎತ್ತಿ ಬಳಸುವವರಿಗೆ ಅನುಕೂಲ.

ಅದರ ಮೇಲೆ 2021ರ ಅಕ್ಟೋಬರ್ 2ರಂದು ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಗಿ ಉದ್ಘಾಟನೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಈ ಕಡೆ ಬಂದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಇದರಲ್ಲಿ ಹರಪನಹಳ್ಳಿ 2011ರ ಗಣತಿಯ ವೇಳೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಹಾಗಾಗಿ ‘2011ರಲ್ಲಿ ವಿಜಯನಗರ ಜಿಲ್ಲೆ’ ಎಂದು ಯಾರಾದರೂ ಅಂಕಿ ಕೊಟ್ಟರೆ, ಅದು ಆಮೇಲೆ ತಾಲ್ಲೂಕುಗಳನ್ನು ಕೂಡಿಸಿ ಮಾಡಿದ್ದು. ಆರೋಗ್ಯದ ಅಂಕಿಗಳಿಗೆ ಇದು ಇನ್ನೂ ಕಷ್ಟ. ಮಕ್ಕಳ ಅಪೌಷ್ಟಿಕತೆ, ರಕ್ತಹೀನತೆ, ಶೌಚಾಲಯ ಬಳಕೆಯ ಬಗ್ಗೆ ನಾವು ಸಾಮಾನ್ಯವಾಗಿ ನೋಡುವ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019ರಲ್ಲಿ. ಅದರಲ್ಲಿ ವಿಜಯನಗರ ಎಂಬ ಜಿಲ್ಲೆಯೇ ಇಲ್ಲ.

ಸಂಖ್ಯೆ ತಪ್ಪಾದರೆ ಯಾರಿಗೆ ನಷ್ಟ?

ನೀರಿನಿಂದ ಶುರು ಮಾಡೋಣ. ಒಳಚರಂಡಿ ಇರುವ ಪಟ್ಟಣಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ದೇಶದಲ್ಲಿ ಯೋಜನೆಗಳಿಗೆ ಬಳಸುವ ಅಳತೆ. ಮೇಲೆ ಹೇಳಿದ ಮೂರು ಅಂದಾಜುಗಳ ನಡುವಿನ 33 ಸಾವಿರ ಜನರಿಗೆ ಇದನ್ನು ಗುಣಿಸಿದರೆ ದಿನಕ್ಕೆ ಸುಮಾರು 44 ಲಕ್ಷದ 55 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 891 ಟ್ಯಾಂಕರ್. ನೀರು ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕ್, ಪೈಪಿನ ಗಾತ್ರ ಎಲ್ಲವೂ ಯಾವುದೋ ಒಂದು ಅಂದಾಜು ಜನಸಂಖ್ಯೆಯ ಮೇಲೆ ನಿಂತಿರುತ್ತವೆ. ‘ತುಂಗಭದ್ರಾ ಡ್ಯಾಂ ಪಕ್ಕದಲ್ಲೇ ಇದ್ದೂ ನೀರಿಗೆ ಯಾಕೆ ಒದ್ದಾಟ’ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ: ಡ್ಯಾಂ ತುಂಬಿದ ಮಾತ್ರಕ್ಕೆ ಪೈಪು ದೊಡ್ಡದಾಗುವುದಿಲ್ಲ. ಆ ಡ್ಯಾಮಿನ ಲೆಕ್ಕವೂ ಬದಲಾಗಿದೆ ಅನ್ನಿ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ಜನ ಎಷ್ಟು ಹೆದರಿದ್ದರು ಎಂಬುದು ನೆನಪಿರಬಹುದು.

ಇದರ ಜೊತೆ ಹಂಪಿಗೆ ಬರುವ ಪ್ರವಾಸಿಗರು. ಅವರು ಹೊಸಪೇಟೆಯ ಹೋಟೆಲಿನಲ್ಲಿ ಸ್ನಾನ ಮಾಡುತ್ತಾರೆ, ಇಲ್ಲಿನ ಚರಂಡಿ ಬಳಸುತ್ತಾರೆ, ಕಸ ಬಿಟ್ಟು ಹೋಗುತ್ತಾರೆ, ಆದರೆ ಯಾವ ಗಣತಿಯಲ್ಲೂ ಹೊಸಪೇಟೆಯ ಜನರಾಗಿ ಬರುವುದಿಲ್ಲ. ಸಂಖ್ಯೆ ಸರಿ ಇದ್ದರೂ ಊರಿಗೆ ಸಾಲದೆ ಬರುವುದು ಹೀಗೆ.

ಇನ್ನು ರೇಷನ್. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ದೇಶದ ಗ್ರಾಮೀಣ ಜನರಲ್ಲಿ ನೂರಕ್ಕೆ 75, ನಗರದ ಜನರಲ್ಲಿ ನೂರಕ್ಕೆ 50 ಮಂದಿಯವರೆಗೆ ಸಬ್ಸಿಡಿ ಧಾನ್ಯ ಸಿಗಬೇಕು. ಈ ‘ನೂರಕ್ಕೆ’ ಎಂಬುದು ಯಾವ ನೂರು? 2011ರ ಜನಗಣತಿಯದು. ಆಮೇಲೆ ಹುಟ್ಟಿದವರು, ಆಮೇಲೆ ಬಡತನಕ್ಕೆ ಬಿದ್ದವರು ಎಲ್ಲರೂ ಅದೇ ಹಳೆಯ ಒಟ್ಟು ಮೊತ್ತದೊಳಗೆ ಜಾಗ ಹುಡುಕಬೇಕು. ಕೇಂದ್ರದಿಂದ ರಾಜ್ಯಕ್ಕೆ ಬರುವ ಧಾನ್ಯದ ಮಿತಿ ಅಲ್ಲಿಗೇ ನಿಂತಿದೆ.

ರಾಜಕೀಯದ ನಕ್ಷೆ ಇನ್ನೂ ಹಳೆಯದು. ಸಂಡೂರು ಮತ್ತು ಕಂಪ್ಲಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಇದಕ್ಕೆ ಆಧಾರ 2001ರ ಜನಗಣತಿ. 2008ರ ಚುನಾವಣೆಯಿಂದ ಜಾರಿಗೆ ಬಂತು. 2011ರಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನರಲ್ಲಿ ಶೇ 21ರಷ್ಟು ಪರಿಶಿಷ್ಟ ಜಾತಿಯವರು, ಶೇ 18ರಷ್ಟು ಪರಿಶಿಷ್ಟ ಪಂಗಡದವರು ಇದ್ದರು. ಪಂಗಡದ ಪ್ರಮಾಣ ಇಡೀ ರಾಜ್ಯದಲ್ಲಿ ಶೇ 7ರ ಹತ್ತಿರ ಮಾತ್ರ. ಮ್ಯಾಸ ನಾಯಕರು, ವಾಲ್ಮೀಕಿ ನಾಯಕರು ದೊಡ್ಡ ಸಂಖ್ಯೆಯಲ್ಲಿರುವ ಈ ಸೀಮೆಗೆ ಆ ಎಣಿಕೆ ಎಂದರೆ ನೇರವಾಗಿ ಪ್ರಾತಿನಿಧ್ಯ.

ಎಣಿಕೆಯಿಂದ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಗಳ ಮಾಜಿ ದೇವದಾಸಿ ಮಹಿಳೆಯರಿಗಿಂತ ಕಠಿಣ ಉದಾಹರಣೆ ನಮಗೆ ಗೊತ್ತಿಲ್ಲ. ರಾಜ್ಯ ಸರ್ಕಾರ 1993–94ರಲ್ಲಿ ಒಮ್ಮೆ, 2007–08ರಲ್ಲಿ ಇನ್ನೊಮ್ಮೆ ಅವರ ಸಮೀಕ್ಷೆ ಮಾಡಿತು. ಎರಡರಲ್ಲೂ ಸೇರಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಸರು ದಾಖಲಾಯಿತು. ಮಾಸಾಶನ, ಮನೆ, ಸಾಲದ ಯೋಜನೆಗಳು ಆ ಪಟ್ಟಿಯವರಿಗೆ. ಅಂದು ನಾಚಿಕೆಯಿಂದಲೋ ಹೆದರಿಕೆಯಿಂದಲೋ ಹೆಸರು ಹೇಳದವರು, ಕೂಲಿಗೆ ಬೇರೆ ಊರಿಗೆ ಹೋಗಿದ್ದವರು ವರ್ಷಗಟ್ಟಲೆ ‘ನಮ್ಮನ್ನೂ ಬರೆದುಕೊಳ್ಳಿ’ ಎಂದು ಕೇಳುತ್ತಾ ಬಂದರು. ಬದುಕು ಒಂದೇ ಆಗಿದ್ದರೂ ಪಟ್ಟಿಯ ಒಳಗಿನವರಿಗೂ ಹೊರಗಿನವರಿಗೂ ತಿಂಗಳ ಕೊನೆಯಲ್ಲಿ ವ್ಯತ್ಯಾಸ ಇತ್ತು.

‘ಶ್ರೀಮಂತ ಜಿಲ್ಲೆ’ ಎಂಬ ಸರಾಸರಿ

ಬಳ್ಳಾರಿ ರಾಜ್ಯದ ಶ್ರೀಮಂತ ಜಿಲ್ಲೆಗಳಲ್ಲಿ ಒಂದು ಎಂಬ ಸಂದೇಶವನ್ನೂ ನೀವು ನೋಡಿರಬಹುದು. ಜಿಲ್ಲೆಯ ತಲಾ ಆದಾಯ ಲೆಕ್ಕ ಹಾಕುವ ರೀತಿ ಹೀಗಿದೆ: ಆ ಜಿಲ್ಲೆಯ ಗಡಿಯೊಳಗೆ ಒಂದು ವರ್ಷ ಉತ್ಪಾದನೆಯಾದ ವಸ್ತು, ಸೇವೆಗಳ ಮೌಲ್ಯವನ್ನು ಅಂದಾಜು ಜನಸಂಖ್ಯೆಯಿಂದ ಭಾಗಿಸುವುದು. ಹಣ ಕೊನೆಗೆ ಯಾರ ಕೈ ಸೇರಿತು ಎಂಬುದು ಇದರಲ್ಲಿ ಇಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ಇದೆ. ಅಲ್ಲಿ ಕಾಯುವ ಉಕ್ಕಿನ ಬೆಲೆ ಕಾಗದದ ಮೇಲೆ ಸಂಡೂರಿನ ಕೂಲಿಯವರ ತಲೆಗೂ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವರ ತಲೆಗೂ ಸಮನಾಗಿ ಹಂಚಿಹೋಗುತ್ತದೆ. ಜಿಲ್ಲೆ ಒಡೆದಾಗ ಕಾರ್ಖಾನೆ ಬಳ್ಳಾರಿಯ ಪಾಲಿಗೆ ಉಳಿಯಿತು. ಗೆರೆ ಎಳೆದ ಮರುದಿನ ಹೊಸಪೇಟೆಯ ಯಾರ ಜೇಬೂ ಹಗುರಾಗಲಿಲ್ಲ, ಸರಾಸರಿ ಮಾತ್ರ ಬದಲಾಯಿತು.

ಸಾಕ್ಷರತೆ ಇನ್ನೊಂದು ಮುಖ ತೋರಿಸುತ್ತದೆ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಇದ್ದಾಗ ಬಳ್ಳಾರಿ ಜಿಲ್ಲೆಯದು ಶೇ 67.43. ಅದಿರಿನ ದುಡ್ಡು ಹರಿದ ಹತ್ತು ವರ್ಷಗಳ ಕೊನೆಯ ಲೆಕ್ಕ ಇದು.

ಪಕ್ಕಪಕ್ಕದ ಮೂರು ಊರುಗಳ ಪಾಡು ಒಂದೇ ಅಲ್ಲ. ಸಂಡೂರಿನಲ್ಲಿ ಧೂಳು ಮತ್ತು ಲಾರಿ ರಸ್ತೆಯ ಚಿಂತೆ. ಗಣಿ ಬಾಧಿತ ಪ್ರದೇಶಗಳಿಗೆಂದೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆ ಎಂದು ಅದರ ನಿಯಮ. ಯಾವ ಹಳ್ಳಿ ಬಾಧಿತ, ಅಲ್ಲಿ ಎಷ್ಟು ಜನ ಎಂಬುದು ಇಲ್ಲೂ ಲೆಕ್ಕದ ಪ್ರಶ್ನೆಯೇ. ಕಂಪ್ಲಿಯದು ನೀರು ಹೆಚ್ಚಾದ ಕಷ್ಟ. ಕಾಲುವೆ ಕೆಳಗಿನ ಭತ್ತದ ಸೀಮೆಯಲ್ಲಿ ಸವಳು–ಜವಳು ಭೂಮಿ, ಸೊಳ್ಳೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ದಾರಿಯೇ ಬಂದ್. ಹೊಸಪೇಟೆಯದು ಬಾಡಿಗೆ, ಚರಂಡಿ, ವಾಹನ ದಟ್ಟಣೆ. ಈ ಮೂರನ್ನೂ ಒಂದು ಜಿಲ್ಲಾ ಸರಾಸರಿಯಲ್ಲಿ ಅದ್ದಿದರೆ ಮೂರೂ ಕಾಣೆಯಾಗುತ್ತವೆ.

ಕೊಳೆಗೇರಿಯ ಅಂಕಿಯಲ್ಲೂ ಇಂಥದೇ ಒಂದು ಸೂಕ್ಷ್ಮ ಇದೆ. ಅಧಿಕೃತ ಪಟ್ಟಿಯಲ್ಲಿ ಇಲ್ಲದ ಜಾಗವನ್ನು ಜನಗಣತಿ ಕೊಳೆಗೇರಿ ಎಂದು ಗುರುತಿಸಬೇಕಾದರೆ ಅಲ್ಲಿ ಒತ್ತಾಗಿ 60–70 ಮನೆ, ಅಂದರೆ ಕನಿಷ್ಠ 300 ಜನ ಇರಬೇಕು. ರೈಲು ಹಳಿಯ ಪಕ್ಕದ ಇಪ್ಪತ್ತು ಗುಡಿಸಲಿಗೆ ಆ ಹೆಸರೂ ಸಿಗುವುದಿಲ್ಲ.

ಬೇರೆ ಕಡೆ ಹೇಗೆ?

ಅಮೆರಿಕದ ಸಾಲ್ಟ್ ಲೇಕ್ ಸಿಟಿಯನ್ನು ನೋಡೋಣ. 2020ರ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1,99,723, ಹೆಚ್ಚು ಕಡಿಮೆ 2011ರ ಹೊಸಪೇಟೆಯಷ್ಟೇ. ಅಲ್ಲೂ ಪೂರ್ತಿ ಎಣಿಕೆ ಹತ್ತು ವರ್ಷಕ್ಕೊಮ್ಮೆ. ಆದರೆ ಅದರ ನಡುವೆ ಪ್ರತಿ ವರ್ಷ ದೇಶದಾದ್ಯಂತ ಸುಮಾರು 35 ಲಕ್ಷ ವಿಳಾಸಗಳಿಗೆ ಪ್ರಶ್ನಾವಳಿ ಕಳಿಸಿ ಮಾದರಿ ಸಮೀಕ್ಷೆ ಮಾಡುತ್ತಾರೆ. ಬಾಡಿಗೆಗೆ ಆದಾಯದ ಎಷ್ಟು ಪಾಲು ಹೋಗುತ್ತದೆ, ಮನೆಯಲ್ಲಿ ಯಾವ ಭಾಷೆ, ಕೆಲಸಕ್ಕೆ ಎಷ್ಟು ನಿಮಿಷದ ಪ್ರಯಾಣ ಎಂಬುದೆಲ್ಲ ಆ ಗಾತ್ರದ ಊರಿಗೂ ವರ್ಷ ವರ್ಷ ಸಿಗುತ್ತದೆ. ನಮಗೆ ಅದರಲ್ಲಿ ಹಿಡಿಸಿದ್ದು ಒಂದು ಸಣ್ಣ ಶಿಸ್ತು: ಪ್ರತಿ ಅಂಕಿಯ ಪಕ್ಕದಲ್ಲಿ ‘ಇದು ಇಷ್ಟು ಹೆಚ್ಚು ಕಡಿಮೆ ಇರಬಹುದು’ ಎಂದು ಇನ್ನೊಂದು ಅಂಕಿ ಬರೆದಿರುತ್ತಾರೆ. ನಮ್ಮ ಫಾರ್ವರ್ಡ್‌ಗಳಲ್ಲಿ ಇಲ್ಲದಿರುವುದು ಅದೇ.

ನಮ್ಮಲ್ಲಿ ಬೇರೆ ದಾಖಲೆಗಳಿಲ್ಲವೇ? ಇವೆ, ಆದರೆ ಒಂದೊಂದು ಒಂದೊಂದನ್ನು ಎಣಿಸುತ್ತದೆ. ಮತದಾರರ ಪಟ್ಟಿಯಲ್ಲಿ 18 ದಾಟಿದವರು ಮಾತ್ರ. ಜೆಸ್ಕಾಂ ಮೀಟರ್ ಎಣಿಸಿದರೆ ಮೀಟರ್ ಸಿಗುತ್ತದೆ, ಒಂದೇ ಮೀಟರಿನ ಹಿಂದಿರುವ ನಾಲ್ಕು ಬಾಡಿಗೆ ಕೋಣೆ ಸಿಗುವುದಿಲ್ಲ. ಜನನ ನೋಂದಣಿ ಮಗು ಹುಟ್ಟಿದ ಜಾಗದಲ್ಲಿ ಆಗುವುದರಿಂದ, ಹೆರಿಗೆಗೆ ಹೊಸಪೇಟೆಗೆ ಬಂದ ಹಳ್ಳಿಯ ತಾಯಂದಿರ ಮಕ್ಕಳೂ ಹೊಸಪೇಟೆಯ ಲೆಕ್ಕಕ್ಕೆ. ‘ನಮ್ಮೂರಲ್ಲಿ ಇಷ್ಟು ಮಕ್ಕಳು ಹುಟ್ಟಿದವು, ಜನಸಂಖ್ಯೆ ಸ್ಫೋಟ’ ಎಂಬ ಸಂದೇಶ ಬಂದರೆ ಇದನ್ನು ನೆನಪಿಸಿಕೊಳ್ಳಿ.

ಗಣತಿದಾರರು ಬಂದಾಗ

ಮುಂದಿನ ಜನಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಹೊರಬಿತ್ತು. ವೇಳಾಪಟ್ಟಿಯ ಪ್ರಕಾರ ಇದು ಎರಡು ಹಂತ. ಮೊದಲು ಮನೆಪಟ್ಟಿ, 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಆಯಾ ರಾಜ್ಯ ಗೊತ್ತು ಮಾಡಿದ 30 ದಿನ. ಆಮೇಲೆ 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ, ಜೊತೆಗೆ ಜಾತಿಯ ಮಾಹಿತಿ. ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬೇರೆ, ಇದು ಬೇರೆ. ‘ನಾವು ಆಗಲೇ ಹೇಳಿದ್ದೇವೆ’ ಎಂದು ಬಾಗಿಲು ಹಾಕಬೇಡಿ.

ಮನೆಪಟ್ಟಿಯಲ್ಲಿ ಕೇಳುವುದು ಗೋಡೆ, ಚಾವಣಿ, ನೆಲ ಎಂಥದು, ಕುಡಿಯುವ ನೀರು ಎಲ್ಲಿಂದ, ಶೌಚಾಲಯ, ಅಡುಗೆಗೆ ಉರಿಸುವುದು ಏನು, ಫೋನ್, ವಾಹನ ಇಂಥವು. 2011ರಲ್ಲಿ ಪಟ್ಟಣದ ಮನೆಯವರು 100 ಮೀಟರಿಗಿಂತ ದೂರ ಹೋಗಿ ನೀರು ತರುತ್ತಿದ್ದರೆ ಅದನ್ನು ‘ದೂರ’ ಎಂದು ಬರೆದುಕೊಳ್ಳುತ್ತಿದ್ದರು, ಹಳ್ಳಿಯಲ್ಲಿ ಆ ಅಳತೆ 500 ಮೀಟರ್. ನಲ್ಲಿ ಇದೆ ಎಂದು ಮರ್ಯಾದೆಗೆ ಹೇಳಿದರೆ ನಿಮ್ಮ ಓಣಿಯ ಕಷ್ಟ ಲೆಕ್ಕದಿಂದ ಅಳಿಸಿಹೋಗುತ್ತದೆ.

‘ಮನೆಯಲ್ಲಿ ಬೈಕ್ ಇದೆ ಅಂದರೆ ಬಿಪಿಎಲ್ ಕಾರ್ಡ್ ಹೋಗುತ್ತದೆ’ ಎಂಬ ಮಾತು ಪ್ರತಿ ಗಣತಿಯಲ್ಲೂ ಹಬ್ಬುತ್ತದೆ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಒಬ್ಬ ವ್ಯಕ್ತಿ ಗಣತಿಗೆ ಕೊಟ್ಟ ಮಾಹಿತಿಯ ದಾಖಲೆಯನ್ನು ಬೇರೆಯವರು ಪರಿಶೀಲಿಸುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮೊಬೈಲ್ ನಂಬರ್ ಕೇಳಬಹುದು. ಬ್ಯಾಂಕ್ ಖಾತೆಯ ಸಂಖ್ಯೆ, ಎಟಿಎಂ ಪಿನ್ ಪ್ರಶ್ನಾವಳಿಯಲ್ಲಿ ಇಲ್ಲ. ‘ಜನಗಣತಿ ಫಾರಂ ತುಂಬಿ, ಹಣ ಪಡೆಯಿರಿ’ ಎಂದು ಲಿಂಕ್ ಬಂದರೆ ಅದು ಮೋಸ.

ಈ ಸೀಮೆಗೆ ಫೆಬ್ರವರಿ ಎಂಬ ತಿಂಗಳೇ ಒಂದು ಸಮಸ್ಯೆ. ಸುಗ್ಗಿ ಮುಗಿದು ಕೂಡ್ಲಿಗಿ, ಹರಪನಹಳ್ಳಿ ಕಡೆಯ ಒಣಭೂಮಿಯ ಕುಟುಂಬಗಳು ಬೆಂಗಳೂರಿಗೋ ಬೇರೆ ಕಡೆಗೋ ಗುಳೆ ಹೋಗುವ ಕಾಲ ಅದು. ಅದೇ ಹೊತ್ತಿಗೆ ಬೇರೆ ಕಡೆಯವರು ದುಡಿಯಲು ಇಲ್ಲಿಗೆ ಬಂದಿರುತ್ತಾರೆ. 2011ರ ನಿಯಮದಲ್ಲಿ, ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಅಲ್ಲಿ ಬರೆಯುತ್ತಿರಲಿಲ್ಲ, ಅವರು ಇರುವ ಜಾಗದಲ್ಲೇ ಬರೆದುಕೊಳ್ಳಬೇಕಿತ್ತು. ಮನೆಯೇ ಇಲ್ಲದವರ ಎಣಿಕೆ ಫೆಬ್ರವರಿ 28ರ ಒಂದೇ ರಾತ್ರಿ. ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ನಿಮ್ಮ ಊರಿನವರು ಯಾರಾದರೂ ಇದ್ದರೆ, ‘ಊರಲ್ಲಿ ಅಜ್ಜಿ ನಮ್ಮ ಹೆಸರು ಬರೆಸುತ್ತಾಳೆ’ ಎಂದು ಸುಮ್ಮನಿರದೆ ಶೆಡ್ಡಿಗೆ ಬರುವ ಗಣತಿದಾರರಿಗೆ ಹೆಸರು ಹೇಳುವಂತೆ ಅವರಿಗೆ ಒಂದು ಫೋನ್ ಮಾಡಿ ತಿಳಿಸಿ.